ಕರ್ನಲ್ 5.15ರಿಂದ 6.8ಕ್ಕೆ ಹೋದ ಮೇಲೆ ಯುಎಸ್‌ಬಿ ವೈಫೈ ಕಾಣ್ತಿಲ್ಲ

ಪ್ರಶ್ನೆ:
ನಿನ್ನೆ ನನ್ನ ಲಿನಕ್ಸ್‌ನ ಕರ್ನಲ್ (ಸಿಸ್ಟಮ್‌ನ ತಿರುಳು) ಅಪ್‌ಗ್ರೇಡ್ ಆಯಿತು. ಈಗ ನೆಟ್‌ವರ್ಕ್ ಪಟ್ಟಿ ನೋಡಲು 'ಐಪಿ ಲಿಂಕ್' ಕೊಟ್ಟರೆ ಬರೀ 'ಲೋ' (ಕಂಪ್ಯೂಟರ್ ಒಳಗಿನ ಲೂಪ್‌ಬ್ಯಾಕ್) ಒಂದೇ ಬರುತ್ತಿದೆ. ಬೂಟ್ ಆಗುವಾಗ ಬರುವ ಗ್ರಬ್ ಮೆನುವಿನಲ್ಲಿ ಹಳೇ ಕರ್ನಲ್ ಆರಿಸಿದರೆ ವೈಫೈ ಸರಿಯಾಗಿ ಬರುತ್ತದೆ. ವೈಫೈ ಚಿಪ್ ರಿಯಲ್‌ಟೆಕ್ 8821ಸಿಯು. ಡ್ರೈವರ್ ಅನ್ನು ನಾನೇ ಸೋರ್ಸ್‌ನಿಂದ ಡಿಕೆಎಂಎಸ್ (ಪ್ರತಿ ಕರ್ನಲ್‌ಗೂ ಡ್ರೈವರ್ ಬಿಲ್ಡ್ ಮಾಡಿಕೊಡುವ ಟೂಲ್) ಮೂಲಕ ಹಾಕಿದ್ದೆ. ಬಿಲ್ಡ್‌ಗೆ ಬೇಕಾದ ಹೊಸ ಕರ್ನಲ್‌ನ ಹೆಡರ್ಸ್ ಹಾಕಿದೆ, ಆದರೂ ಬಿಲ್ಡ್ ಆಗ್ತಿಲ್ಲ.

ಉತ್ತರ:
ಹಳೇ ಕರ್ನಲ್‌ನಲ್ಲಿ ಬರುತ್ತಿದೆ ಅಂದ ಮೇಲೆ ಸಾಧನ ಚೆನ್ನಾಗಿಯೇ ಇದೆ. ಆ ಕರ್ನಲ್ ಅನ್ನು ಈಗಲೇ ತೆಗೆಯಬೇಡಿ. ಹೊಸದರಲ್ಲಿ ಯುಎಸ್‌ಬಿ ಸಾಧನಗಳ ಪಟ್ಟಿ ತೋರಿಸುವ 'ಎಲ್‌ಎಸ್‌ಯುಎಸ್‌ಬಿ -ಟಿ' ಕೊಟ್ಟು, ವೈಫೈ ಸಾಲಿನಲ್ಲಿ 'ಡ್ರೈವರ್=' ಮುಂದೆ ಏನಿದೆ ನೋಡಿ.

ಪ್ರಶ್ನೆ:
ಏನೂ ಇಲ್ಲ, ಖಾಲಿ. ಡಿಕೆಎಂಎಸ್‌ನ ಮೇಕ್ ಲಾಗ್‌ನಲ್ಲಿ ತುಂಬಾ ಎರರ್‌ಗಳಿವೆ.

ಉತ್ತರ:
ಹಾಗಾದರೆ ಆ ಬಿಲ್ಡ್ ಹಿಂದೆ ಬೀಳಬೇಡಿ. ಕರ್ನಲ್ ಒಳಗಿನ ಫಂಕ್ಷನ್‌ಗಳು ಬದಲಾಗುತ್ತಲೇ ಇರುತ್ತವೆ, ಹಳೇ ಸೋರ್ಸ್ ಅದಕ್ಕೆ ಹೊಂದುವುದಿಲ್ಲ. ಅದನ್ನು ತಿದ್ದುತ್ತಾ ಕೂರುವ ಅಗತ್ಯವೂ ನಿಮಗಿಲ್ಲ. 6.2ರಿಂದ ಈ ಚಿಪ್‌ಗೆ ಕರ್ನಲ್ ಒಳಗೇ ಡ್ರೈವರ್ ಇದೆ, ಹೆಸರು 'ಆರ್‌ಟಿಡಬ್ಲ್ಯೂ88_8821ಸಿಯು'. 5.15ರಲ್ಲಿ ಇರಲಿಲ್ಲ, ಅದಕ್ಕೇ ಆಗ ಹೊರಗಿನದು ಬೇಕಾಗಿತ್ತು.

ಮತ್ತೆ ಅದು ಯಾಕೆ ಲೋಡ್ ಆಗ್ತಿಲ್ಲ? ಹೊರಗಿನ ಡ್ರೈವರ್ ಹಾಕುವಾಗ ಎರಡೂ ಜಗಳ ಆಡದಿರಲಿ ಅಂತ ಒಳಗಿನದನ್ನು ಬ್ಲ್ಯಾಕ್‌ಲಿಸ್ಟ್ ಮಾಡುವುದುಂಟು. ಆ ಸಾಲು ಈಗಲೂ ಉಳಿದಿರಬೇಕು. 'ಇಟಿಸಿ' ಒಳಗಿನ 'ಮಾಡ್‌ಪ್ರೋಬ್.ಡಿ' ಫೋಲ್ಡರ್‌ನಲ್ಲಿ ಹುಡುಕಿ.

ಆದರೆ ಯಾವ ಫೈಲನ್ನೂ ಮುಟ್ಟುವ ಮೊದಲು, ಸಾಧನ ಚುಚ್ಚಿಟ್ಟೇ 'ಸುಡೋ ಮಾಡ್‌ಪ್ರೋಬ್ ಆರ್‌ಟಿಡಬ್ಲ್ಯೂ88_8821ಸಿಯು' ಕೊಟ್ಟು ನೋಡಿ. ಬ್ಲ್ಯಾಕ್‌ಲಿಸ್ಟ್ ತಡೆಯುವುದು ತಾನಾಗಿ ಲೋಡ್ ಆಗುವುದನ್ನು ಮಾತ್ರ. ನಾವೇ ಹೆಸರು ಹೇಳಿ ಕರೆದರೆ ಬರುತ್ತದೆ.

ಪ್ರಶ್ನೆ:
ಬಂತು! 'ಡಬ್ಲ್ಯೂಎಲ್‌ಎಕ್ಸ್' ಅಂತ ಶುರುವಾಗುವ ಹೆಸರು ಕಾಣಿಸಿತು, ನೆಟ್‌ವರ್ಕ್‌ಗಳ ಪಟ್ಟಿಯೂ ಬಂತು. ಬ್ಲ್ಯಾಕ್‌ಲಿಸ್ಟ್ ಸಾಲು ಕೂಡ ಸಿಕ್ಕಿತು, ಅದು ಕೆಲಸ ಮಾಡದಂತೆ ಮುಂದೆ ಹ್ಯಾಶ್ (#) ಹಾಕಿದೆ. ಡಿಕೆಎಂಎಸ್‌ನಿಂದ ಹಳೇದನ್ನು ತೆಗೆದುಬಿಡಲಾ?

ಉತ್ತರ:
ಸ್ವಲ್ಪ ತಡೆಯಿರಿ. ಮೊದಲು ರೀಬೂಟ್ ಮಾಡಿ, ತಾನಾಗಿ ಬರುತ್ತದಾ ನೋಡಿ. ಒಂದೆರಡು ದಿನ ಬಳಸಿ, ಸ್ಪೀಡ್ ಕೂಡ ಗಮನಿಸಿ. 'ಡಿಕೆಎಂಎಸ್ ರಿಮೂವ್' ಜೊತೆ 'ಆಲ್' ಕೊಟ್ಟರೆ ಹಳೇ ಕರ್ನಲ್‌ನಿಂದಲೂ ಹೋಗುತ್ತದೆ. ಆಮೇಲೆ ಅಲ್ಲಿಗೆ ವಾಪಸ್ ಹೋದರೂ ವೈಫೈ ಇರಲ್ಲ, ಅಲ್ವಾ?

ಪ್ರಶ್ನೆ:
ಎರಡು ಸಲ ರೀಬೂಟ್ ಮಾಡಿದೆ, ತಾನಾಗೇ ಬರುತ್ತಿದೆ. ಹಳೇದನ್ನು ವಾರ ಬಿಟ್ಟು ತೆಗೆಯುತ್ತೇನೆ. ತುಂಬಾ ಥ್ಯಾಂಕ್ಸ್.