ಅತ್ತೆ ಮನೆಗೆ ಪ್ರತಿ ಮಳೆಗಾಲ ನೀರು ನುಗ್ಗುತ್ತದೆ: ಸುತ್ತ ಗೋಡೆ ಕಟ್ಟಿಸಲಾ, ಬೇಡವಾ?

ಪೈಪ್ ಅಂಗಡಿ, ದಾವಣಗೆರೆ:

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ನನ್ನದೊಂದು ಪೈಪು, ಮೋಟಾರು, ಫಿಟ್ಟಿಂಗ್ಸ್ ಅಂಗಡಿ ಇದೆ. ಅಂಗಡಿ ಮೆಟ್ಟಿಲು ಹತ್ತುವವರೆಲ್ಲ ನೀರಿಲ್ಲ ಅಂತಲೇ ಹತ್ತುತ್ತಾರೆ. ಸಾವಿರ ಅಡಿ ಕೊರೆಸಿದೆ, ಬರೀ ಧೂಳು ಬಂತು ಅಂತ ತಲೆ ಮೇಲೆ ಕೈ ಹೊತ್ತು ಕೂರುತ್ತಾರೆ. ಈಗ ಮನೆಯಲ್ಲೇ ಒಂದು ಉಲ್ಟಾ ಕೇಸು ಬಂದಿದೆ, ಅದಕ್ಕೇ ಕೇಳುತ್ತಿದ್ದೇನೆ.

ಹೆಂಡತಿಯ ತವರು ಹೊನ್ನಾವರ ತಾಲೂಕು, ಗುಂಡಬಾಳಾ ಹೊಳೆ ಕಡೆ. ಚಿರೆಕಲ್ಲಿನ ಹಳೇ ಮನೆ, ಹಂಚಿನ ಮಾಡು, ಹಿಂದೆ ಗದ್ದೆ, ಮುಂದೆ ಸ್ವಲ್ಪ ತೋಟ ದಾಟಿದರೆ ಹೊಳೆ. ಅತ್ತೆ ಒಬ್ಬರೇ ಇದ್ದಾರೆ. ದಾವಣಗೆರೆಗೆ ಬಂದುಬಿಡಿ ಅಂದರೆ "ಅಲ್ಲಿ ಬಿಸಿಲಲ್ಲಿ ಒಣಗೋದಕ್ಕಿಂತ ಇಲ್ಲಿ ನೆನೆಯೋದೇ ವಾಸಿ" ಅನ್ನುತ್ತಾರೆ. ಜೋರು ಮಳೆ ಹಿಡಿದರೆ ಅಂಗಳ ದಾಟಿ ನೀರು ಒಳಗೇ ಬರುತ್ತದೆ. ಹೋದ ಸಲ ಅಡುಗೆಮನೆಯಲ್ಲಿ ಮೊಣಕಾಲುದ್ದ ನಿಂತಿತ್ತು. ಅಕ್ಕಿ, ಫ್ರಿಜ್, ಹಾಸಿಗೆ ಎಲ್ಲ ಹೋಯಿತು. ಅವರನ್ನು ಶಾಲೆಯಲ್ಲಿ ತೆರೆದಿದ್ದ ಕಾಳಜಿ ಕೇಂದ್ರಕ್ಕೆ ಕರೆದುಕೊಂಡು ಹೋಗಿದ್ದರು. ನಾವು ಇಲ್ಲಿಂದ ಹೊರಡೋಣ ಅಂದರೆ ಘಾಟಿಯಲ್ಲಿ ಗುಡ್ಡ ಜರಿದು ರಸ್ತೆ ಬಂದ್.

ನನ್ನ ಪ್ಲಾನ್ ಇದು: ಮನೆ ಸುತ್ತ ನಾಲ್ಕು ಅಡಿ ಕಾಂಕ್ರೀಟ್ ಗೋಡೆ, ಗೇಟಿಗೆ ನೀರು ತಡೆಯುವ ಶಟರ್. ಮೇಸ್ತ್ರಿ ಹೂಂ ಅಂದಿದ್ದಾನೆ. ಅವನು ಯಾವುದಕ್ಕೆ ಊಹೂಂ ಅಂದಿದ್ದಾನೆ ಹೇಳಿ! ಭಾವಮೈದ ಜಾಕಿ ಹಾಕಿ ಮನೆಯನ್ನೇ ಮೇಲೆತ್ತಿಸೋಣ ಅನ್ನುತ್ತಾನೆ. ಇನ್ನೊಬ್ಬರು ದಂಡೆಗೆ ಕಾಂಡ್ಲಾ ಗಿಡ (ಮ್ಯಾಂಗ್ರೋವ್) ನೆಡಿ ಸಾಕು ಅಂದರು. ಯಾವುದಕ್ಕೆ ದುಡ್ಡು ಹಾಕಲಿ?

ಗಂಗಾನಗರ, ಹರಿಹರ:

ಅಣ್ಣಾ, ನಾವು ತುಂಗಭದ್ರೆ ಪಕ್ಕದಲ್ಲೇ ಇರುವವರು. ಹೊಳೆ ತುಂಬಿದರೆ ತಾಲೂಕು ಆಫೀಸಿನವರು ಮೊದಲು ಬರುವುದೇ ನಮ್ಮ ಓಣಿಗೆ. ಗೋಡೆ ವಿಷಯ ತಿಳಿದವರು ಹೇಳಲಿ, ನಾನು ಮನೆ ಒಳಗಿನದು ಹೇಳುತ್ತೇನೆ.

ನಮಗೂ ನಿಮ್ಮ ಅತ್ತೆಗೂ ಒಂದು ದೊಡ್ಡ ವ್ಯತ್ಯಾಸ ಇದೆ. ನಮ್ಮ ನೀರು ಮೇಲಿಂದ ಹೇಳಿಕೊಂಡು ಬರುತ್ತದೆ. ಗಾಜನೂರಿನ ತುಂಗಾ ಡ್ಯಾಮಲ್ಲಿ ಇಷ್ಟು ಬಿಟ್ಟರಂತೆ, ಭದ್ರಾ ಡ್ಯಾಮ್ ತುಂಬಿ 186 ಅಡಿ ಮುಟ್ಟಿತಂತೆ, ಹೊನ್ನಾಳಿಯಲ್ಲಿ ಬಾಲರಾಜ್ ಘಾಟ್‌ಗೆ ನೀರು ಬಂತಂತೆ ಅಂತ ಸುದ್ದಿ ಮೊದಲು, ನೀರು ಆಮೇಲೆ. ಗಂಟುಮೂಟೆ ಕಟ್ಟಲು ಟೈಮ್ ಸಿಗುತ್ತದೆ. ಗುಂಡಬಾಳಾಕ್ಕೆ ಅಂಥ ಡ್ಯಾಮೂ ಇಲ್ಲ, ಅಷ್ಟು ದೂರವೂ ಇಲ್ಲ. ಘಟ್ಟದಲ್ಲಿ ರಾತ್ರಿ ಸುರಿದರೆ ಬೆಳಗಾಗುವುದರೊಳಗೆ ಅಂಗಳದಲ್ಲಿ. ಹಾಗಾಗಿ ಎತ್ತಿಡುವ ಕೆಲಸ ಜೂನ್‌ಗೆ ಮುಂಚೆಯೇ ಆಗಿರಬೇಕು.

ಸ್ವಿಚ್ ಬೋರ್ಡುಗಳನ್ನು ಎದೆ ಮಟ್ಟಕ್ಕೆ ತೆಗೆದುಕೊಳ್ಳಿ, ವೈರು ಮೇಲಿಂದ ಇಳಿಯಲಿ. ಮೇನ್ ಸ್ವಿಚ್ ಯಾವುದು ಅಂತ ಅತ್ತೆಗೆ ಕತ್ತಲಲ್ಲೂ ಗೊತ್ತಿರಬೇಕು. ಸಿಲಿಂಡರನ್ನು ಸರಪಳಿ ಹಾಕಿ ಗೋಡೆಗೆ ಕಟ್ಟಿ. ಖಾಲಿ ಸಿಲಿಂಡರ್ ನೀರಲ್ಲಿ ತೇಲುತ್ತದೆ, ಪೈಪ್ ಕಿತ್ತುಕೊಂಡು ಅಡುಗೆಮನೆ ತುಂಬ ಓಡಾಡುತ್ತದೆ, ನಾನೇ ನೋಡಿದ್ದೇನೆ. ಇನ್ನೊಂದು ಯಾರೂ ಹೇಳುವುದಿಲ್ಲ: ನೀರು ಬಾಗಿಲಿಗಿಂತ ಮೊದಲು ಬರುವುದು ಕಕ್ಕಸಿನಿಂದ. ಗುಂಡಿ ತುಂಬಿ ವಾಪಸ್ ಉಕ್ಕುತ್ತದೆ. ಹೊರಗೆ ಹೋಗುವ ಲೈನಿಗೆ ಒಂದು ನಾನ್ ರಿಟರ್ನ್ ವಾಲ್ವ್ ಹಾಕಿ. ನಿಮ್ಮ ಅಂಗಡಿಯಲ್ಲೇ ಇರುತ್ತದಲ್ವಾ?

ನೀರು ಇಳಿದ ಮೇಲೆ ಸುಮ್ನೆ ಕೂರಬೇಡಿ. ಕೆಸರು ಹಸಿ ಇರುವಾಗಲೇ ಬಕೆಟ್ಟಲ್ಲಿ ಎರಚಿ ತೊಳೆಯಿರಿ. ಒಣಗಿದರೆ ಸನಿಕೆ ಬೇಕಾಗುತ್ತದೆ. ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿಸಿ, ಅಲ್ಲಿವರೆಗೆ ಕುದಿಸಿದ ನೀರೇ. ಕಾಲಲ್ಲಿ ಗಾಯ ಇದ್ದವರು ಆ ನೀರಿಗೆ ಇಳಿಯಬಾರದು, ಇಲಿಜ್ವರ ಬರುತ್ತದೆ. ಆಮೇಲೆ ಜ್ವರ ಬಂದರೆ ಡಾಕ್ಟರಿಗೆ "ನೆರೆ ನೀರಲ್ಲಿ ನಡೆದಿದ್ದೆ" ಅಂತ ಬಾಯಿಬಿಟ್ಟು ಹೇಳಬೇಕು.

ಕುಮಟಾದ ಹೋಟೆಲಿನವ, ಈಗ ದಾವಣಗೆರೆ:

ನಾನು ಅಘನಾಶಿನಿ ದಂಡೆಯವ. ಇಲ್ಲಿ ಹೋಟೆಲ್ ಇಟ್ಟು ಬಹಳ ವರ್ಷ ಆಯಿತು. ಆದರೂ ಜೂನ್ ಬಂದರೆ ಕಿವಿ ಊರ ಕಡೆಗೇ. ಇಲ್ಲಿನವರಿಗೆ ಆ ಮಳೆ ಹೇಳಿದರೆ ಅರ್ಥ ಆಗುವುದಿಲ್ಲ. ರೆಡ್ ಅಲರ್ಟ್ ಅಂದರೆ ಒಂದು ದಿನಕ್ಕೆ 204 ಮಿಲಿಮೀಟರ್ ದಾಟಬಹುದು ಅಂತ. ದಾವಣಗೆರೆಗೆ ವರ್ಷಪೂರ್ತಿ ಬೀಳುವ ಮಳೆ ಅಲ್ಲಿ ಮೂರ್ನಾಲ್ಕು ದಿನದಲ್ಲಿ ಬಿದ್ದು ಮುಗಿಯುತ್ತದೆ.

ಗೋಡೆ ಮಾತು ಆಮೇಲೆ. ಮೊದಲು ಒಂದು ಕೆಲಸ ಮಾಡಿ. ಅತ್ತೆಗೆ ಫೋನ್ ಹಚ್ಚಿ ಎರಡೇ ಪ್ರಶ್ನೆ ಕೇಳಿ. ನೀರು ಮೊದಲು ಯಾವ ಕಡೆಯಿಂದ ಬರುತ್ತದೆ? ಎಷ್ಟು ಹೊತ್ತಿಗೆ ಇಳಿಯುತ್ತದೆ?

ಯಾಕೆಂದರೆ ನಮ್ಮ ಕಡೆ ಎಲ್ಲ ನೀರೂ ಒಂದೇ ನೀರಲ್ಲ. ಶರಾವತಿ ದಂಡೆಯಾದರೆ ಲಿಂಗನಮಕ್ಕಿ ಡ್ಯಾಮ್ ತುಂಬುವ ಮಟ್ಟ 1819 ಅಡಿಗೆ ಹತ್ತಿರ ಬಂತಾ, ಗೇರುಸೊಪ್ಪೆಯಲ್ಲಿ ಗೇಟ್ ತೆಗೆದರಾ ಅಂತ ನೋಡಬೇಕು. ಅದಕ್ಕೆ ಮುನ್ಸೂಚನೆ ಕೊಡುತ್ತಾರೆ. ಕಡಲ ದಂಡೆಯಾದರೆ ಅಲೆಯ ಹೊಡೆತ, ಕೊರೆತ, ಅದರ ಕತೆಯೇ ಬೇರೆ. ಗುಂಡಬಾಳಾ ಕಡೆ ಘಟ್ಟದ ಮಳೆ ಮತ್ತು ಕಡಲಿನ ಭರತ (ಉಬ್ಬರ) ಎರಡೂ ಸೇರಿ ಆಟ ಆಡುತ್ತವೆ. ದಿನಕ್ಕೆ ಎರಡು ಭರತ, ಎರಡು ಇಳಿತ. ಇವತ್ತು ಭರತ ಬಂದ ಹೊತ್ತಿಗಿಂತ ನಾಳೆ ಸುಮಾರು ಐವತ್ತು ನಿಮಿಷ ತಡ. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸು ಅದರ ಜೋರು ಜಾಸ್ತಿ, ಆಗ ಕಾರವಾರದ ಕಡೆ ಭರತಕ್ಕೂ ಇಳಿತಕ್ಕೂ ಒಂದೂವರೆಯಿಂದ ಎರಡು ಮೀಟರ್ ವ್ಯತ್ಯಾಸ. ಭರತದ ಹೊತ್ತಲ್ಲಿ ಹೊಳೆ ನೀರಿಗೆ ಕಡಲು ಜಾಗ ಬಿಡುವುದಿಲ್ಲ. ಅದೇ ಹೊತ್ತಿಗೆ ಘಟ್ಟದ ನೀರು ಬಂತೋ, ಎಲ್ಲಿಗೆ ಹೋಗಬೇಕು? ಗದ್ದೆಗೆ, ಅಂಗಳಕ್ಕೆ. ನಮ್ಮ ಅಜ್ಜ ಮಳೆಗಾಲದಲ್ಲಿ ಪಂಚಾಂಗ ನೋಡುತ್ತಿದ್ದದ್ದು ಮುಹೂರ್ತಕ್ಕಲ್ಲ, ಇದಕ್ಕೆ. ಈಗ ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಭರತದ ವೇಳೆ, ಅಲೆಯ ಎತ್ತರ ಎಲ್ಲ ಮೊಬೈಲಿಗೇ ಕೊಡುತ್ತದೆ.

ಕಾಂಡ್ಲಾ ಬಗ್ಗೆ. ಅಘನಾಶಿನಿ ಅಳಿವೆ 2024ರಲ್ಲಿ ಮಹತ್ವದ ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ರಾಮ್ಸಾರ್ ಪಟ್ಟಿಗೆ ಸೇರಿದ ಮೇಲೆ ಎಲ್ಲರ ಬಾಯಲ್ಲೂ ಕಾಂಡ್ಲಾ. ಒಳ್ಳೆಯದೇ. ಅದರ ಬೇರು ದಂಡೆಯ ಮಣ್ಣು ಹಿಡಿಯುತ್ತದೆ, ಅಲೆಯ ಜೋರು ಮುರಿಯುತ್ತದೆ, ಮೀನುಮರಿಗೆ ಮನೆ. ಆದರೆ ಮೇಲಿಂದ ಇಳಿದ ನೆರೆಯನ್ನು ಅದು ತಡೆಯುವುದಿಲ್ಲ. ಉಪ್ಪುನೀರು ಬಾರದ ಜಾಗದಲ್ಲಿ ನೆಟ್ಟು ಫಲವೂ ಇಲ್ಲ. ಗಿಡ ನೆಟ್ಟು ಫೋಟೋ ಹಾಕುವವರ ಮಾತು ಕೇಳಿ ಅತ್ತೆಯ ಅಡುಗೆಮನೆ ಒಣಗುತ್ತದೆ ಅಂದುಕೊಳ್ಳಬೇಡಿ.

ನಿಮಗೆ ಪಾಠ ಬೇಕಾದರೆ ನಮ್ಮ ಗಜನಿ, ಅಂದರೆ ಅಳಿವೆ ಪಕ್ಕದ ಉಪ್ಪುನೀರಿನ ಗದ್ದೆ ನೋಡಿ. ಹೊಳೆಗೂ ಗದ್ದೆಗೂ ನಡುವೆ ಒಡ್ಡು, ಒಡ್ಡಿನಲ್ಲಿ ಹಲಗೆ ಬಾಗಿಲು. ಭರತ ಬಂದಾಗ ಹೊಳೆ ನೀರೇ ಬಾಗಿಲನ್ನು ಒತ್ತಿ ಮುಚ್ಚುತ್ತದೆ. ಇಳಿತ ಆದಾಗ ಗದ್ದೆ ನೀರೇ ಅದನ್ನು ತಳ್ಳಿಕೊಂಡು ಹೊರಗೆ ಹೋಗುತ್ತದೆ. ಕರೆಂಟೂ ಬೇಡ, ಕಾವಲುಗಾರನೂ ಬೇಡ. ಒಡ್ಡಿಗಿಂತ ಬಾಗಿಲೇ ಮುಖ್ಯ. ಬಾಗಿಲು ಕೆಟ್ಟು ನಿಂತರೆ ಒಡ್ಡು ಎಷ್ಟು ಗಟ್ಟಿ ಇದ್ದರೇನು, ಒಳಗೆ ಬಿದ್ದ ಮಳೆ ಒಳಗೇ ಕೊಳೆಯುತ್ತದೆ. ಉಪ್ಪಿಗೂ ನೀರಿಗೂ ಜಗ್ಗದ ಕಗ್ಗ ಭತ್ತ ಬೇಕಾದರೆ ಅದರಲ್ಲಿ ನಿಲ್ಲುತ್ತದೆ, ನಿಮ್ಮ ಫ್ರಿಜ್ ನಿಲ್ಲುವುದಿಲ್ಲ.

ನಿವೃತ್ತ ಇಂಜಿನಿಯರ್, ಚಿತ್ರದುರ್ಗ:

ಹೋಟೆಲಿನವರು ಹೇಳಿದ್ದು ಸರಿ. ನನ್ನ ಕೆಲಸದ ಅರ್ಧ ಕರಾವಳಿಯಲ್ಲಿ, ಅರ್ಧ ನಮ್ಮ ದುರ್ಗದಲ್ಲಿ ಕಳೆಯಿತು. ಇಲ್ಲಿ 1907ರಲ್ಲಿ ಕಟ್ಟಿ ಮುಗಿಸಿದ ವಾಣಿವಿಲಾಸ ಸಾಗರ 1933ರಲ್ಲಿ ಒಮ್ಮೆ ಕೋಡಿ ಬಿದ್ದದ್ದು, ಮತ್ತೆ ಕೋಡಿ ಬೀಳಲು 2022ರವರೆಗೆ ಕಾಯಬೇಕಾಯಿತು. ಕೋಡಿ ನೋಡಲು ಜನ ಬುತ್ತಿ ಕಟ್ಟಿಕೊಂಡು ಬಂದರು. ಅಂಥ ಊರಿನವರಿಗೆ ನೀರು ಅಂದರೆ ಹಿಡಿದಿಡಬೇಕು ಅಂತಲೇ ತೋಚುತ್ತದೆ. ಅಲ್ಲಿ ದಾರಿ ಬಿಡಬೇಕು.

ಗೋಡೆಯ ಲೆಕ್ಕ ಕೇಳಿ. ನಾಲ್ಕು ಅಡಿ ನೀರು ಹೊರಗೆ ನಿಂತರೆ ಗೋಡೆಯ ಒಂದೊಂದು ಮೀಟರ್ ಉದ್ದದ ಮೇಲೂ ಸುಮಾರು ಏಳುನೂರು ಕಿಲೋ ಒತ್ತಡ. ಸಾಮಾನ್ಯ ಕಾಂಪೌಂಡ್ ಗೋಡೆ ಇದಕ್ಕೆ ಮಾಡಿದ್ದಲ್ಲ. ಬಿದ್ದರೆ ಒಮ್ಮೆಲೇ ಬೀಳುತ್ತದೆ, ನಿಧಾನಕ್ಕೆ ಬರಬೇಕಾದ ನೀರು ಕಲ್ಲಿನ ಸಮೇತ ನುಗ್ಗುತ್ತದೆ. ಗಟ್ಟಿಯಾಗಿಯೇ ಕಟ್ಟಿಸಿದಿರಿ ಅನ್ನಿ. ಆಗ ಅಡಿಯ ಮಣ್ಣಿನಿಂದ ನೀರು ಒಸರುತ್ತದೆ, ಮೇಲಿಂದ ಮಳೆ ಸುರಿಯುತ್ತದೆ, ಹೊರಗೆ ಹಾಕಲು ಪಂಪು ಬೇಕು. ಅಂಥ ರಾತ್ರಿ ಕರೆಂಟ್ ಇರುತ್ತದಾ? ನೀವು ತಡೆದ ನೀರು ಪಕ್ಕದವರ ಮನೆಗೆ ಜಾಸ್ತಿ ಹೋಗುತ್ತದೆ, ಆ ಜಗಳ ಬೇರೆ.

ಕಾನೂನೂ ಇದೆ. ಬೇಸಿಗೆಯಲ್ಲಿ ಲೀಟರಿಗೆ 5 ಗ್ರಾಂ ಉಪ್ಪು ಹೊಳೆಯಲ್ಲಿ ಎಲ್ಲಿವರೆಗೆ ಸಿಗುತ್ತದೋ ಅಲ್ಲಿವರೆಗೂ ದಂಡೆಗೆ ಕರಾವಳಿ ನಿಯಂತ್ರಣ ವಲಯದ, ಅಂದರೆ ಸಿಆರ್‌ಝಡ್ ನಿಯಮ ಅನ್ವಯ. ಅಡಿಪಾಯ ತೋಡುವ ಮೊದಲು ಪಂಚಾಯಿತಿಯಲ್ಲಿ ವಿಚಾರಿಸಿ.

ಜಾಕಿ ಹಾಕಿ ಎತ್ತುವುದು ಕಾಂಕ್ರೀಟ್ ಬೆಲ್ಟ್ ಇರುವ ಮನೆಗೆ ಆದೀತು. ಮಣ್ಣಿನ ಗಾರೆಯಲ್ಲಿ ಕಟ್ಟಿದ ಹಳೇ ಚಿರೆಕಲ್ಲಿನ ಮನೆಗೆ ನಾನು ಒಪ್ಪುವುದಿಲ್ಲ. ಬದಲು ಒಂದೇ ಒಂದು ಕೋಣೆಯ ನೆಲ ಎತ್ತರಿಸಿ, ಅಥವಾ ಕಾಂಕ್ರೀಟ್ ಕಂಬದ ಮೇಲೆ ಒಂದು ಅಟ್ಟ ಮಾಡಿ. ಹೋದ ಸಲದ ನೀರಿನ ಗುರುತಿಗಿಂತ ಎರಡು ಅಡಿ ಮೇಲಿರಲಿ. ಕಾಗದಪತ್ರ, ಅಕ್ಕಿ, ಹಾಸಿಗೆ ಅಲ್ಲಿ. ಅತ್ತೆ ಮಾತ್ರ ಅಲ್ಲಿ ಬೇಡ, ಅವರು ಶಾಲೆಗೇ ಹೋಗಲಿ. ಮನೆಗೆ ಇನ್ಶೂರೆನ್ಸ್ ಮಾಡಿಸಿ. 2021ರ ಏಪ್ರಿಲ್‌ನಿಂದ ಭಾರತ್ ಗೃಹ ರಕ್ಷಾ ಅಂತ ಎಲ್ಲ ಕಂಪನಿಗಳೂ ಒಂದೇ ನಮೂನೆಯ ಪಾಲಿಸಿ ಕೊಡುತ್ತವೆ, ಅದರಲ್ಲಿ ನೆರೆಯೂ ಸೇರಿದೆ.

ಪೈಪ್ ಅಂಗಡಿ, ದಾವಣಗೆರೆ:

ಅತ್ತೆಗೆ ಫೋನ್ ಹಚ್ಚಿದೆ. ಹೋಟೆಲಿನವರ ಎರಡು ಪ್ರಶ್ನೆ ಕೇಳಿದ್ದಕ್ಕೆ ಅರ್ಧ ಗಂಟೆ ಉತ್ತರ ಬಂತು. ಮದುವೆಯಾದಾಗಿನಿಂದ ನನ್ನ ಹತ್ತಿರ ಅವರು ಇಷ್ಟು ಮಾತಾಡಿದ್ದೇ ಇಲ್ಲ!

ಹೊಳೆ ನೀರು ಅಂಗಳದ ತುಳಸಿಕಟ್ಟೆವರೆಗೆ ಮಾತ್ರ ಬರುತ್ತದಂತೆ, ಅದೂ ಯಾವಾಗಲೋ ಒಮ್ಮೆ. ಅಡುಗೆಮನೆಗೆ ಬರುವುದು ಹಿಂದಿನ ಗದ್ದೆಯಿಂದ. ಗುಡ್ಡದಿಂದ ಇಳಿದು ಗದ್ದೆ ದಾಟಿ ಹೊಳೆಗೆ ಸೇರುವ ಒಂದು ತೋಡು ಇದೆ. ಮೊದಲು ಅದು ಆಳು ಇಳಿದರೆ ಸೊಂಟದವರೆಗೆ ಇತ್ತು, ಮಕ್ಕಳು ಅದರಲ್ಲಿ ಗಾಳ ಹಾಕುತ್ತಿದ್ದರು. ಕೆಲವು ವರ್ಷದ ಹಿಂದೆ ಯಾರೋ ತಮ್ಮ ಜಾಗಕ್ಕೆ ಲಾರಿ ಹೋಗಲಿ ಅಂತ ತೋಡಿಗೆ ಅಡ್ಡ ಮಣ್ಣು ಹಾಕಿ ಒಂದು ಅಡಿಯ ಸಿಮೆಂಟ್ ಪೈಪ್ ಹುಗಿದರು. ಆ ಪೈಪಿನ ಬಾಯಿಗೆ ತೆಂಗಿನ ಗರಿ, ಪ್ಲಾಸ್ಟಿಕ್ಕು ಸಿಕ್ಕಿಕೊಂಡು ಈಗ ಮುಕ್ಕಾಲು ಭಾಗ ಮುಚ್ಚಿದೆ. ನೀರು ಬಂದ ಮೇಲೆ ಇಳಿಯುವುದು ಭರತ ಇಳಿದಾಗಲೇ, ಆರೇಳು ತಾಸು ಬೇಕು. ಇದೆಲ್ಲ ಯಾಕೆ ಮೊದಲೇ ಹೇಳಲಿಲ್ಲ ಅಂದರೆ "ನೀವು ಗೋಡೆ ಬಗ್ಗೆ ಕೇಳಿದ್ರಿ, ನೀರಿನ ಬಗ್ಗೆ ಎಲ್ಲಿ ಕೇಳಿದ್ರಿ" ಅಂದರು.

ಗೋಡೆ ಕ್ಯಾನ್ಸಲ್. ಮೇಸ್ತ್ರಿಗೂ ಹೇಳಿಯಾಯಿತು, ಅವನು ಅದಕ್ಕೂ ಹೂಂ ಅಂದ. ಸ್ವಿಚ್ ಬೋರ್ಡ್, ವಾಲ್ವ್, ಸರಪಳಿ ಮೇ ಒಳಗೆ ಮುಗಿಸುತ್ತೇನೆ. ಅಟ್ಟಕ್ಕೆ ಭಾವಮೈದ ದುಡ್ಡು ಹಾಕುತ್ತಾನೆ. ಇಂಜಿನಿಯರ್ ಸರ್, ಆ ತೋಡಿಗೆ ಒಂದಡಿ ಪೈಪ್ ತೆಗೆದು ಎರಡಡಿಯದು ಹಾಕಿಸಿದರೆ ಸಾಕಾ? ಜಾಗದವರು ಪೈಪ್ ನೀವು ತಂದರೆ ಅಗೆಯಲು ನಮ್ಮದೇನೂ ಅಡ್ಡಿಯಿಲ್ಲ ಅಂದಿದ್ದಾರೆ.

ನಿವೃತ್ತ ಇಂಜಿನಿಯರ್, ಚಿತ್ರದುರ್ಗ:

ವ್ಯಾಸ ಎರಡು ಪಟ್ಟಾದರೆ ಅದೇ ಇಳಿಜಾರಿನಲ್ಲಿ ನೀರು ಎರಡು ಪಟ್ಟಲ್ಲ, ಹತ್ತಿರ ಹತ್ತಿರ ಆರು ಪಟ್ಟು ಹೋಗುತ್ತದೆ. ಪೈಪ್ ಮಾರುವವರಿಗೆ ನಾನು ಹೇಳಬೇಕಾ! ಜಾಗ ಇದ್ದರೆ ಎರಡಡಿಯದು ಎರಡು ಸಾಲು ಹಾಕಿ. ಒಂದು ಕಟ್ಟಿಕೊಂಡರೂ ಇನ್ನೊಂದು ಇರುತ್ತದೆ. ಪೈಪಿನ ಬಾಯಿಂದ ಸ್ವಲ್ಪ ಮೇಲೆ, ಕೈಯಲ್ಲಿ ಕಸ ಎಳೆಯಲು ಬರುವ ಹಾಗೆ ಓರೆಯಾಗಿ ಸರಳಿನ ಜಾಲರಿ ನಿಲ್ಲಿಸಿ. ಹೊಳೆ ಸೇರುವ ಕಡೆ ಗಜನಿಯ ಹಾಗೆ ತಾನೇ ಮುಚ್ಚುವ ಬಾಗಿಲು ಬೇಕು. ತೋಡು ಊರಿನದು, ಹಾಗಾಗಿ ಖಾಸಗಿಯಾಗಿ ಅಗೆಯುವ ಮೊದಲು ಗ್ರಾಮಸಭೆಯಲ್ಲಿ ಇಟ್ಟು ಲಿಖಿತ ಒಪ್ಪಿಗೆ ತೆಗೆದುಕೊಳ್ಳಿ. ಹೂಳೆತ್ತುವುದನ್ನು ಪಂಚಾಯಿತಿಯ ಕ್ರಿಯಾಯೋಜನೆಗೇ ಸೇರಿಸಲು ಹೇಳಿ.

ಕುಮಟಾದ ಹೋಟೆಲಿನವ, ಈಗ ದಾವಣಗೆರೆ:

ಗ್ರಾಮಸಭೆಗೆ ನೀವು ಹೋಗಬೇಡಿ, ಅತ್ತೆಯನ್ನು ಕಳಿಸಿ. ಗದ್ದೆ ಇರುವ ಅಕ್ಕಪಕ್ಕದವರ ಸಹಿಯನ್ನೂ ಅವರೇ ಹಾಕಿಸಿಕೊಂಡು ಬರಲಿ. ದಾವಣಗೆರೆ ಅಳಿಯ ಬಂದು ತೋಡಿನ ಮಾತಾಡಿದರೆ ಅಲ್ಲಿ ಯಾರೂ ಕೇಳುವುದಿಲ್ಲ.