ಶೇರ್ ಫೋಲ್ಡರ್ ‘ಅನುಮತಿ ಇಲ್ಲ’ ಅನ್ನುತ್ತಿದೆ. ನಿಮ್ಮ ಆಫೀಸಿನಲ್ಲಿ ಏನು ಮಾಡಿದಿರಿ?

ಕೇಳಿದವರು: ತೆರಿಗೆ ಸಲಹೆಗಾರರ ಆಫೀಸ್, ಕಲಬುರಗಿ

ಸ್ಟೇಷನ್ ರಸ್ತೆಯಲ್ಲಿ ನಮ್ಮದು ಸಣ್ಣ ಆಫೀಸ್, ಐದು ಕಂಪ್ಯೂಟರ್. ಒಳಕೋಣೆಯ ಮಷೀನ್‌ನ ಡಿ ಡ್ರೈವ್‌ನಲ್ಲಿ ಕ್ಲೈಂಟ್‌ಗಳ ಫೋಲ್ಡರ್ ಇದೆ, ಉಳಿದವರು ಅದನ್ನೇ ತೆರೆದು ಕೆಲಸ ಮಾಡುತ್ತಾರೆ. ಹಳೇ ಮಷೀನ್ ಎರಡನ್ನು ತೆಗೆದು ವಿಂಡೋಸ್ 11 ಇರುವ ಹೊಸವು ತಂದೆವು. ಈಗ ಒಂದರಲ್ಲಿ ಪಾಸ್‌ವರ್ಡ್ ಕೇಳುತ್ತದೆ, ಕೊಟ್ಟರೂ ಒಳಗೆ ಬಿಡುವುದಿಲ್ಲ. ಇನ್ನೊಂದರಲ್ಲಿ ಫೋಲ್ಡರ್ ತೆರೆಯುತ್ತದೆ, ಒಳಗಿನ ಕೆಲವು ಫೈಲ್‌ಗಳು ಮಾತ್ರ ‘ಅನುಮತಿ ಇಲ್ಲ’ ಅನ್ನುತ್ತವೆ. 20ನೇ ತಾರೀಖಿಗೆ ಜಿಎಸ್‌ಟಿ ರಿಟರ್ನ್ ಹಾಕಬೇಕು. ನಿಮಗೆ ಹೀಗಾದಾಗ ಏನು ಮಾಡಿದಿರಿ, ಎಷ್ಟು ಖರ್ಚಾಯಿತು?

ದಾಲ್ ಮಿಲ್, ಕಲಬುರಗಿ

ತಲೆ ಕೆಡಿಸಿಕೊಳ್ಳಬೇಡಿ ಸರ್. ಫೋಲ್ಡರ್‌ನ ಪ್ರಾಪರ್ಟೀಸ್ ತೆಗೆಯಿರಿ. ಶೇರಿಂಗ್ ಟ್ಯಾಬ್‌ನಲ್ಲಿ ಎವ್ರಿಒನ್, ಅಂದರೆ ಎಲ್ಲರೂ; ಸೆಕ್ಯುರಿಟಿ ಟ್ಯಾಬ್‌ನಲ್ಲೂ ಎವ್ರಿಒನ್. ಎರಡೂ ಕಡೆ ಫುಲ್ ಕಂಟ್ರೋಲ್, ಅಂದರೆ ಪೂರ್ತಿ ಅಧಿಕಾರ. ಪಾಸ್‌ವರ್ಡ್ ಪ್ರೊಟೆಕ್ಟೆಡ್ ಶೇರಿಂಗ್ ಆಫ್. ಮುಗೀತು.

ತೊಗರಿ ಸೀಸನ್‌ನಲ್ಲಿ ತೂಕದ ಕಾಟಾದ ಕಂಪ್ಯೂಟರ್‌ನಿಂದ ಚೀಟಿ ನೇರ ಆಫೀಸ್ ಫೋಲ್ಡರ್‌ಗೆ ಬೀಳಬೇಕು. ಹೊರಗೆ ಲಾರಿ ಸಾಲಾಗಿ ನಿಂತಿವೆ, ಹಮಾಲರು ಕಾಯುತ್ತಿದ್ದಾರೆ, ಇಲ್ಲಿ ಪರದೆ ಮೇಲೆ ಪಾಸ್‌ವರ್ಡ್ ಚೌಕ! ಒಬ್ಬ ಟೆಕ್ನೀಷಿಯನ್ ಬಂದ. ಬಂದಿದ್ದಕ್ಕೇ 500. ಕೇಬಲ್ ಸರಿ ಇಲ್ಲ ಅಂದ, 850 ಕೊಟ್ಟು ಬದಲಿಸಿದೆ. ಕಂಪ್ಯೂಟರ್‌ಗಳ ಕೇಬಲ್ ಎಲ್ಲ ಬಂದು ಸೇರುವ ನೆಟ್‌ವರ್ಕ್ ಸ್ವಿಚ್ ಹೋಗಿದೆ ಅಂದ, 2,400. ರೂಟರ್ ಹಳೇದು ಅಂದ, 3,200. ಅಷ್ಟಾದ ಮೇಲೂ ಅದೇ ಚೌಕ. ಕೊನೆಗೆ ನನ್ನ ತಂಗಿಯ ಮಗ ಬಂದು ಎವ್ರಿಒನ್ ಹಾಕಿದ. ಆವತ್ತಿನಿಂದ ಇವತ್ತಿನವರೆಗೂ ತೊಂದರೆ ಇಲ್ಲ.

ಪತ್ತಿನ ಸಂಘದ ಲೆಕ್ಕದ ವಿಭಾಗ, ಯಾದಗಿರಿ

ಮಿಲ್‌ನವರು ಹೇಳಿದ್ದನ್ನು ದಯವಿಟ್ಟು ಮಾಡಬೇಡಿ. ಕೈಮುಗಿದು ಹೇಳುತ್ತಿದ್ದೇನೆ.

ನಮ್ಮಲ್ಲಿ ಇದೇ ಎವ್ರಿಒನ್ ಫುಲ್ ಕಂಟ್ರೋಲ್ ಇತ್ತು. ನಾನು ಬೇಡ ಅಂದಿದ್ದೆ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕೌಂಟರ್‌ನ ಮಷೀನ್‌ನಲ್ಲಿ ಯಾರೋ ‘ಬಿಲ್’ ಅಂತ ಬಂದ ಇಮೇಲ್ ಅಟ್ಯಾಚ್‌ಮೆಂಟ್ ತೆರೆದರು. ವೈರಸ್ ಕೂತಿದ್ದು ಕೌಂಟರ್‌ನಲ್ಲಿ, ಹಾಳಾಗಿದ್ದು ಶೇರ್ ಫೋಲ್ಡರ್ ಪೂರ್ತಿ. ಬರೆಯುವ ಅಧಿಕಾರ ಎಲ್ಲರಿಗೂ ಇದ್ದರೆ ಆ ವೈರಸ್‌ಗೂ ಇರುತ್ತದೆ, ಅಲ್ವಾ? ಸದಸ್ಯರ ಸಾಲದ ಪಟ್ಟಿ, ಠೇವಣಿ ರಿಜಿಸ್ಟರ್, ಎಲ್ಲ ಫೈಲಿನ ಹೆಸರಿನ ಕೊನೆಗೆ ಅರ್ಥವಿಲ್ಲದ ಅಕ್ಷರ ಸೇರಿ ತೆರೆಯದೇ ಹೋದವು. ಫೈಲ್ ವಾಪಸ್ ತೆಗೆದುಕೊಡಲು ಹೈದರಾಬಾದ್‌ನಲ್ಲಿ ವಿಚಾರಿಸಿದರೆ 65,000 ಕೇಳಿದರು, ಅದೂ ಗ್ಯಾರಂಟಿ ಇಲ್ಲದೆ. ಹಳೇ ಲೆಡ್ಜರ್ ನೋಡಿ ಮತ್ತೆ ಎಂಟ್ರಿ ಮಾಡಲು ಇಬ್ಬರು ಹುಡುಗಿಯರನ್ನು ತಲಾ 9,000 ಸಂಬಳಕ್ಕೆ ಇಟ್ಟುಕೊಂಡೆವು. ಆಡಿಟ್ ತಡವಾಯಿತು. ಮಹಾಸಭೆಯಲ್ಲಿ ನಿಂತು ಬೈಸಿಕೊಂಡಿದ್ದು ನಾನು.

ಅದು ಸಾಲದು ಅಂತ ಮಷೀನ್ ಫಾರ್ಮ್ಯಾಟ್ ಮಾಡಿದ ಮೇಲೆ ಇನ್ನೊಂದು. ಬೇರೆ ಡಿಸ್ಕ್‌ನಲ್ಲಿ ಉಳಿದಿದ್ದ ಒಳ್ಳೆಯ ಫೈಲ್‌ಗಳೂ ತೆರೆಯಲಿಲ್ಲ. ಸೆಕ್ಯುರಿಟಿ ಟ್ಯಾಬ್ ನೋಡಿದರೆ ಹೆಸರಿನ ಜಾಗದಲ್ಲಿ ‘ಅಕೌಂಟ್ ಅನ್‌ನೋನ್’, ಪಕ್ಕದಲ್ಲಿ ಎಸ್-1-5-21 ಅಂತ ಶುರುವಾಗುವ ಉದ್ದನೆಯ ನಂಬರು. ವಿಂಡೋಸ್ ನೆನಪಿಡುವುದು ಆ ನಂಬರನ್ನು, ನಮ್ಮ ಹೆಸರನ್ನಲ್ಲ. ಫಾರ್ಮ್ಯಾಟ್ ಆದ ಮೇಲೆ ಅದೇ ಹೆಸರಿನಲ್ಲಿ ಅಕೌಂಟ್ ಮಾಡಿದರೂ ನಂಬರು ಬೇರೆ. ಅಡ್ವಾನ್ಸ್ಡ್‌ಗೆ ಹೋಗಿ ಓನರ್ ಬದಲಿಸಿ ಆಮೇಲೆ ಹೊಸದಾಗಿ ಅನುಮತಿ ಕೊಟ್ಟೆವು.

ಈಗ ಪ್ರತಿಯೊಬ್ಬರಿಗೂ ಬೇರೆ ಅಕೌಂಟ್. ‘ಸಾಲ’, ‘ಠೇವಣಿ’ ಅಂತ ಎರಡು ಗ್ರೂಪ್. ಗ್ರೂಪ್‌ಗೆ ಮಾಡಿಫೈ, ಅಂದರೆ ಫೈಲ್ ತಿದ್ದುವ ಅನುಮತಿ; ಕೌಂಟರ್‌ಗೆ ಬರೀ ರೀಡ್, ಓದಲು ಮಾತ್ರ. ಫುಲ್ ಕಂಟ್ರೋಲ್ ಒಬ್ಬರ ಕೈಯಲ್ಲಿ ಮಾತ್ರ. ರಾತ್ರಿ ಬ್ಯಾಕಪ್ ಹಾರ್ಡ್ ಡಿಸ್ಕ್‌ಗೆ ಹೋಗುತ್ತದೆ, ಹಾರ್ಡ್ ಡಿಸ್ಕ್ ಬಿಚ್ಚಿ ತಿಜೋರಿಯಲ್ಲಿ ಇಡುತ್ತೇವೆ.

ದಾಲ್ ಮಿಲ್, ಕಲಬುರಗಿ

ಅಕ್ಕಾವ್ರೇ, ನಿಮ್ಮ ಕೌಂಟರ್‌ನವರು ಸಿಕ್ಕಿದ್ದೆಲ್ಲ ಕ್ಲಿಕ್ ಮಾಡಿದರೆ ನನ್ನ ಎವ್ರಿಒನ್ ಏನು ಮಾಡುತ್ತೆ? ನಮ್ಮ ಕಾಟಾ ಮಷೀನ್‌ಗೆ ಇಂಟರ್ನೆಟ್ಟೇ ಇಲ್ಲ.

ಪತ್ತಿನ ಸಂಘದ ಲೆಕ್ಕದ ವಿಭಾಗ, ಯಾದಗಿರಿ

ಕಾಟಾ ಮಷೀನ್‌ಗೆ ಇಲ್ಲ ಸರಿ, ಆಫೀಸ್ ಮಷೀನ್‌ಗೆ ಇದೆಯಲ್ಲ? ಇ-ವೇ ಬಿಲ್ ಎಲ್ಲಿಂದ ತೆಗೆಯುತ್ತೀರಿ? ಎರಡೂ ಒಂದೇ ಸ್ವಿಚ್‌ನಲ್ಲಿವೆ. ಪೆನ್ ಡ್ರೈವ್ ಒಂದು ಸಾಕು. 2017ರ ಮೇ ತಿಂಗಳಲ್ಲಿ ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ವಾನಾಕ್ರೈ ವೈರಸ್ ಬಂದಾಗ ಯಾರೂ ಕ್ಲಿಕ್ ಮಾಡಬೇಕಾಗಿರಲಿಲ್ಲ. ಹಳೇ ಫೈಲ್ ಶೇರಿಂಗ್‌ನ ದೋಷ ಹಿಡಿದು ಮಷೀನ್‌ನಿಂದ ಮಷೀನ್‌ಗೆ ತಾನೇ ಹೋಯಿತು.

ಡಿಪ್ಲೊಮಾ ಕಾಲೇಜು ಲ್ಯಾಬ್, ಬೀದರ್

ನೀವಿಬ್ಬರೂ ವಿಂಡೋಸ್ ಬಿಟ್ಟು ಯೋಚಿಸುವುದೇ ಇಲ್ಲ. ಮಾಮೂಲಿ ವಿಂಡೋಸ್ 10, 11ರಲ್ಲಿ ಶೇರ್ ಫೋಲ್ಡರ್‌ಗೆ ಒಂದೇ ಸಲಕ್ಕೆ 20 ಮಷೀನ್‌ಗಿಂತ ಜಾಸ್ತಿ ಸೇರಿಕೊಳ್ಳಲು ಬಿಡುವುದಿಲ್ಲ. ನಮ್ಮ ಲ್ಯಾಬ್‌ನಲ್ಲಿ 30 ಇವೆ. ಪ್ರಾಕ್ಟಿಕಲ್ ಪರೀಕ್ಷೆಯ ದಿನ ಹಿಂದಿನ ಸಾಲಿನ ಮಕ್ಕಳಿಗೆ ಪ್ರಶ್ನೆಯ ಫೋಲ್ಡರ್ ತೆರೆಯಲಿಲ್ಲ, ಹೊರಗಿನಿಂದ ಬಂದ ಪರೀಕ್ಷಕರು ನೋಡುತ್ತಾ ನಿಂತಿದ್ದರು.

ಗುಜರಿಗೆ ಹೋಗಬೇಕಿದ್ದ ಮಷೀನ್‌ಗೆ 1,900ರ ಎಸ್‌ಎಸ್‌ಡಿ ಡಿಸ್ಕ್ ಹಾಕಿ, ವಿಂಡೋಸ್ ಬದಲು ಲಿನಕ್ಸ್, ಅದರ ಮೇಲೆ ವಿಂಡೋಸ್ ಮಷೀನ್‌ಗಳಿಗೆ ಫೋಲ್ಡರ್ ಹಂಚುವ ಸಾಂಬಾ ಸಾಫ್ಟ್‌ವೇರ್ ಹಾಕಿದೆ. ಸಾಫ್ಟ್‌ವೇರ್ ಖರ್ಚು ಸೊನ್ನೆ. ಅಲ್ಲೂ ಅನುಮತಿ ಎರಡು ಕಡೆ ಸರಿ ಇರಬೇಕು, ಸಾಂಬಾ ಕಾನ್ಫಿಗ್ ಫೈಲ್‌ನಲ್ಲಿ ಮತ್ತು ಲಿನಕ್ಸ್ ಫೋಲ್ಡರ್‌ನಲ್ಲಿ. ಸಾಂಬಾದ ಪಾಸ್‌ವರ್ಡ್ ಬೇರೆಯೇ ಕೊಡಬೇಕು, ಲಿನಕ್ಸ್ ಲಾಗಿನ್ ಪಾಸ್‌ವರ್ಡ್ ನಡೆಯುವುದಿಲ್ಲ. ಒಮ್ಮೆ ಕೂರಿಸಿದ ಮೇಲೆ ಮುಟ್ಟಿಲ್ಲ.

ಡಯಾಗ್ನೊಸ್ಟಿಕ್ ಲ್ಯಾಬ್, ಕಲಬುರಗಿ

ಎಲ್ಲರಿಗೂ ಲಿನಕ್ಸ್ ಬರುತ್ತಾ ಸರ್? ನೀವು ವರ್ಗವಾಗಿ ಹೋದರೆ ಆ ಮಷೀನ್ ಯಾರು ನೋಡಬೇಕು?

ನಾನು ನ್ಯಾಸ್ ಪೆಟ್ಟಿಗೆ ತಂದೆ, ಅಂದರೆ ನೆಟ್‌ವರ್ಕ್‌ಗೆ ನೇರ ಜೋಡಿಸಿ ಎಲ್ಲರೂ ಫೈಲ್ ಇಡುವ ಪೆಟ್ಟಿಗೆ. ಪೆಟ್ಟಿಗೆ 17,500, ಎರಡು ಹಾರ್ಡ್ ಡಿಸ್ಕ್ ಸೇರಿ 19,000, ಕರೆಂಟ್ ಹೋದರೆ ಕೆಡಬಾರದು ಅಂತ ಯುಪಿಎಸ್ 4,200. ಚೆನ್ನಾಗೇ ನಡೆಯುತ್ತಿತ್ತು. ವಿಂಡೋಸ್ 11 ಪ್ರೊ ಮಷೀನ್‌ಗಳಿಗೆ 24ಎಚ್2 ಅಪ್‌ಡೇಟ್ ಬಂದಿದ್ದೇ ತಡ, ರಿಪೋರ್ಟ್ ಫೋಲ್ಡರ್ ತೆರೆಯಲಿಲ್ಲ. ಹೆಸರು, ಪಾಸ್‌ವರ್ಡ್ ಇಲ್ಲದೆ ಗೆಸ್ಟ್ ಆಗಿ ಒಳಗೆ ಹೋಗುವುದನ್ನು ಅದು ಒಪ್ಪುವುದಿಲ್ಲ. ವಿಂಡೋಸ್‌ನ ಒಳಗಿನ ಸೆಟ್ಟಿಂಗ್‌ಗಳಿರುವ ರಿಜಿಸ್ಟ್ರಿಯಲ್ಲಿ ಗೆಸ್ಟ್ ಮತ್ತೆ ಆನ್ ಮಾಡಿ ಅಂತ ಸಲಹೆ ಕೊಟ್ಟವರು ಬಹಳ ಜನ. ರೋಗಿಗಳ ರಿಪೋರ್ಟ್ ರೀ ಅವು! ನಾನು ಮಾಡಲಿಲ್ಲ. ಪೆಟ್ಟಿಗೆಯಲ್ಲೇ ಎಲ್ಲರಿಗೂ ಯೂಸರ್ ಮಾಡಿ ಪಾಸ್‌ವರ್ಡ್ ಕೊಟ್ಟೆ.

ಕಂಪ್ಯೂಟರ್ ಸರ್ವೀಸ್, ಕಲಬುರಗಿ

ಮೇಲಿಂದ ಓದುತ್ತಾ ಬಂದೆ. ಟೆಕ್ನೀಷಿಯನ್ ಅಂದರೆ ಕಳ್ಳ ಅನ್ನುವ ಹಾಗೆ ಬರೆದಿದ್ದಾರೆ. ಮೇ ತಿಂಗಳ ಬಿಸಿಲಲ್ಲಿ ಶಹಾಬಾದ್‌ವರೆಗೆ ಗಾಡಿ ಹೊಡೆದುಕೊಂಡು ಹೋಗುತ್ತೇವೆ, ‘ಬರೀ ಸೆಟ್ಟಿಂಗ್ ತಾನೇ, 200 ತಗೋ’ ಅನ್ನುತ್ತಾರೆ. ಮಿಲ್‌ನಲ್ಲಿ ಆ ಹೊಟ್ಟಿನ ಧೂಳಿಗೆ ಸ್ವಿಚ್ ಹೋಗುವುದು ನಿಜ ಸಾವ್ಕಾರ್ರೇ. ಬಿಚ್ಚಿ ನೋಡಿದ್ದೀರಾ ಯಾವತ್ತಾದರೂ?

ಕೇಳಿದವರಿಗೆ ಯಾರೂ ಉತ್ತರ ಕೊಟ್ಟಿಲ್ಲ, ಹಾಗಾಗಿ ಹೇಳುತ್ತೇನೆ. ಸರ್, ಪಾಸ್‌ವರ್ಡ್ ಚೌಕದಲ್ಲಿ ನಿಮ್ಮವರು ಏನು ಹೊಡೆಯುತ್ತಿದ್ದಾರೆ ನೋಡಿ. ಬೆಳಿಗ್ಗೆ ಮಷೀನ್ ಆನ್ ಮಾಡುವಾಗ ಹೊಡೆಯುವ ಪಿನ್ ಆಗಿರುತ್ತದೆ. ಪಿನ್ ಆ ಮಷೀನ್‌ಗೆ ಮಾತ್ರ, ನೆಟ್‌ವರ್ಕ್‌ನಲ್ಲಿ ನಡೆಯುವುದಿಲ್ಲ. ಒಳಕೋಣೆಯ ಮಷೀನ್‌ನಲ್ಲಿರುವ ಅಕೌಂಟಿನ ಹೆಸರು ಮತ್ತು ಅದರ ಪಾಸ್‌ವರ್ಡ್ ಬೇಕು. ಪಾಸ್‌ವರ್ಡೇ ಇಲ್ಲದ ಅಕೌಂಟನ್ನೂ ವಿಂಡೋಸ್ ನೆಟ್‌ವರ್ಕ್‌ನಿಂದ ಒಳಗೆ ಬಿಡುವುದಿಲ್ಲ. ತಪ್ಪು ಹೆಸರು ಸೇವ್ ಆಗಿದ್ದರೆ, ವಿಂಡೋಸ್ ಹೆಸರು-ಪಾಸ್‌ವರ್ಡ್ ಉಳಿಸಿಡುವ ಕ್ರೆಡೆನ್ಷಿಯಲ್ ಮ್ಯಾನೇಜರ್‌ನಲ್ಲಿ ಅಳಿಸಿ.

ಶೇರಿಂಗ್ ಅಂದರೆ ಗಂಜ್ ಮಾರುಕಟ್ಟೆಯ ಗೇಟು, ಸೆಕ್ಯುರಿಟಿ ಅಂದರೆ ಗೋದಾಮಿನ ಬೀಗ. ಎರಡರಲ್ಲಿ ಯಾವುದು ಬಿಗಿಯೋ ಅದೇ ನಡೆಯುತ್ತದೆ. ಹೊರಗೆ ಫುಲ್ ಕಂಟ್ರೋಲ್ ಕೊಟ್ಟು ಒಳಗೆ ರೀಡ್ ಇಟ್ಟರೆ ನೆಟ್‌ವರ್ಕ್‌ನಿಂದ ಬಂದವರಿಗೆ ರೀಡ್ ಮಾತ್ರ.

ಕೆಲವು ಫೈಲ್ ಮಾತ್ರ ತೆರೆಯುತ್ತಿಲ್ಲ ಅಂದಿರಿ. ಅವನ್ನು ಅದೇ ಡ್ರೈವ್‌ನ ಬೇರೆ ಫೋಲ್ಡರ್‌ನಿಂದ ಕಟ್ ಮಾಡಿ ಪೇಸ್ಟ್ ಮಾಡಿರಬೇಕು. ಕಾಪಿ ಮಾಡಿದರೆ ಫೈಲ್ ಹೊಸ ಫೋಲ್ಡರ್‌ನ ಅನುಮತಿ ಹಿಡಿಯುತ್ತದೆ. ಒಂದೇ ಡ್ರೈವ್‌ನಲ್ಲಿ ಕಟ್ ಮಾಡಿದರೆ ಹಳೇ ಅನುಮತಿಯನ್ನೇ ಹೊತ್ತು ಬರುತ್ತದೆ.

ಡಿಪ್ಲೊಮಾ ಕಾಲೇಜು ಲ್ಯಾಬ್, ಬೀದರ್

ಹೊಸ ಮಷೀನ್‌ನಲ್ಲಿ ನುಡಿ ಫಾಂಟ್ ಹಾಕಿದ್ದೀರಾ? ಇಲ್ಲದಿದ್ದರೆ ಹಳೇ ಕನ್ನಡ ಫೈಲ್ ತೆರೆದರೂ ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆ ಕಾಣುತ್ತವೆ. ಜನ ಅದನ್ನೂ ಪರ್ಮಿಷನ್ ತೊಂದರೆ ಅಂದುಕೊಳ್ಳುತ್ತಾರೆ. ಯಾವ ಮಷೀನ್‌ನಲ್ಲೂ ಕನ್ನಡ ಕಾಣುವ ಯೂನಿಕೋಡ್‌ಗೆ ಎಲ್ಲ ಬದಲಿಸಿ ಅಂತ ಎಷ್ಟು ವರ್ಷದಿಂದ ಹೇಳುತ್ತಿದ್ದೇನೆ.

ಪತ್ತಿನ ಸಂಘದ ಲೆಕ್ಕದ ವಿಭಾಗ, ಯಾದಗಿರಿ

ಹೇಳುವುದು ಸುಲಭ. ಯೂನಿಕೋಡ್‌ಗೆ ಬದಲಿಸಿದಾಗ ನಮ್ಮ ಸದಸ್ಯರ ಹೆಸರಿನಲ್ಲಿ ಒತ್ತಕ್ಷರ ಕೆಟ್ಟು ಪಾಸ್‌ಬುಕ್‌ನಲ್ಲಿ ತಪ್ಪು ಅಚ್ಚಾಯಿತು. ಕೂತು ಒಂದೊಂದೇ ತಿದ್ದಿದವರು ನಾವು.

ಕೇಳಿದವರು

ಪಿನ್ನೇ ಸರ್. ಅಕೌಂಟ್ ಮಾಡಿ ಪಾಸ್‌ವರ್ಡ್ ಕೊಟ್ಟ ಮೇಲೆ ಒಳಗೆ ಬಿಟ್ಟಿತು. ತೆರೆಯದ ಫೈಲ್‌ಗಳೆಲ್ಲ ನಮ್ಮ ಸೀನಿಯರ್ ತಮ್ಮ ಸ್ವಂತ ಫೋಲ್ಡರ್‌ನಿಂದ ಕಟ್ ಮಾಡಿ ಹಾಕಿದವು. ಸೆಕ್ಯುರಿಟಿಯ ಅಡ್ವಾನ್ಸ್ಡ್‌ನಲ್ಲಿ ಒಳಗಿನ ಎಲ್ಲ ಫೈಲ್‌ಗಳಿಗೂ ಇದೇ ಅನುಮತಿ ಹಾಕುವ ಟಿಕ್ ಕೊಟ್ಟೆ, ತೆರೆದವು. ಯಾದಗಿರಿ ಮೇಡಂ ಹೇಳಿದ ಹಾಗೆ ಗ್ರೂಪ್ ಕೂಡ ಮಾಡುತ್ತಿದ್ದೇನೆ. ಆದರೆ ಗ್ರೂಪ್‌ಗೆ ಸೇರಿಸಿದ ಹುಡುಗನಿಗೆ ಇನ್ನೂ ತೆರೆಯುತ್ತಿಲ್ಲ.

ಕಂಪ್ಯೂಟರ್ ಸರ್ವೀಸ್, ಕಲಬುರಗಿ

ಅವನ ಮಷೀನ್‌ನಲ್ಲಿ ಸೈನ್ ಔಟ್ ಮಾಡಿಸಿ ಮತ್ತೆ ಒಳಗೆ ಬರಲು ಹೇಳಿ. ಹಳೇ ಕನೆಕ್ಷನ್ ಕಡಿದು ಹೊಸದಾಗಿ ಸೇರಿದಾಗಲೇ ಗ್ರೂಪ್ ಲೆಕ್ಕಕ್ಕೆ ಬರುತ್ತದೆ.

ದಾಲ್ ಮಿಲ್, ಕಲಬುರಗಿ

ಆ ಸ್ವಿಚ್ ಇನ್ನೂ ನನ್ನ ಹತ್ತಿರ ಇದೆ. ಬಂದು ಬಿಚ್ಚಿ ತೋರಿಸಿ, ಧೂಳಿಗೆ ಹೋಗಿದ್ದು ಅಂತ ಗೊತ್ತಾದರೆ 500 ನಾನೇ ಕೊಡುತ್ತೇನೆ.