4 ಜನ, 14 ವಾರ: ಕೊನೇ ವರ್ಷದ ಪ್ರಾಜೆಕ್ಟ್ ಕೆಲಸ ಹಂಚಿಕೊಳ್ಳೋದು ಹೇಗೆ?

ಪ್ರಶ್ನೆ (ಇಸಿ_ಕೊನೇವರ್ಷ): ಮಣ್ಣಿನ ತೇವ ಅಳೆದು ಪಂಪ್ ಓಡಿಸೋ ಪ್ರಾಜೆಕ್ಟ್. ಬೋರ್ಡ್ ಇಎಸ್‌ಪಿ32 (ವೈಫೈ ಇರೋ ಪುಟ್ಟ ಕಂಟ್ರೋಲರ್), ಜೊತೆಗೆ ಮೊಬೈಲ್ ಆ್ಯಪ್. ವೈರಿಂಗ್, ಬೋರ್ಡ್ ಕೋಡ್, ಆ್ಯಪ್, ರಿಪೋರ್ಟ್ ಅಂತ ಒಬ್ಬೊಬ್ಬರಿಗೆ ಒಂದೊಂದು ಹಂಚಿದ್ದೇವೆ. ಗೈಡ್ ಮತ್ತೆ ಯೋಚಿಸಿ ಅಂದಿದ್ದಾರೆ. ಏನು ತಪ್ಪಿದೆ?

ತೇವಮಾಪಕ: ರಿಪೋರ್ಟ್ ಒಬ್ಬರಿಗೇ ಕೊಟ್ಟಿದ್ದೇ ಮೊದಲ ತಪ್ಪು. ಅವರ ಕೈಗೆ ವಿಷಯ ಸಿಗೋದು ಕೊನೇ ವಾರ, ವೈವಾದಲ್ಲಿ ಸರ್ಕ್ಯೂಟ್ ಬಗ್ಗೆ ಕೇಳಿದರೆ ಉತ್ತರ ಇರಲ್ಲ. ಮಾಡಿದವರೇ ತಮ್ಮ ಅಧ್ಯಾಯ ಬರೆಯಲಿ. ಒಬ್ಬರು ಜೋಡಿಸಿ ತಿದ್ದಲಿ ಸಾಕು. ವೈರಿಂಗ್ ಫೋಟೋ ಬಿಚ್ಚೋ ಮುಂಚೆಯೇ ತೆಗೆದಿಡಿ.

ಇನ್ನೂ ದೊಡ್ಡದು, ಕೆಲಸಗಳು ಕೂಡೋ ಜಾಗ ಯಾರದ್ದೂ ಅಲ್ಲ. ಬೋರ್ಡ್ ಕಳಿಸೋದು ಅದು ಸೆನ್ಸರ್‌ನಿಂದ ಓದೋ 0ರಿಂದ 4095ರ ಅಂಕಿಯೋ, ತೇವದ ಶೇಕಡಾವಾರೋ? ಕೆಪಾಸಿಟಿವ್ ಸೆನ್ಸರ್‌ನಲ್ಲಿ ಒಣ ಮಣ್ಣಿಗೆ ಅಂಕಿ ಹೆಚ್ಚು, ಒದ್ದೆಗೆ ಕಡಿಮೆ. ಆ್ಯಪ್ ಮಾಡೋರು ಉಲ್ಟಾ ಅಂದುಕೊಂಡರೆ ಒದ್ದೆ ಮಣ್ಣನ್ನೇ ಒಣ ಅಂತ ತೋರಿಸುತ್ತೆ. ಮೊದಲ ವಾರವೇ ಒಂದು ಹಾಳೆಯಲ್ಲಿ ಬರೆದು ನಾಲ್ವರೂ ಒಪ್ಪಿ: ಸಂದೇಶದಲ್ಲಿ ಏನೇನು ಇರುತ್ತೆ, ಯಾವ ಅಳತೆಯಲ್ಲಿ, ಎಷ್ಟು ಸೆಕೆಂಡಿಗೊಮ್ಮೆ. ಎರಡನೇ ವಾರ ಮುಗಿಯೋದರೊಳಗೆ ಸೆನ್ಸರ್ ಇಲ್ಲದೆಯೇ ಬೋರ್ಡಿಂದ "50" ಅಂತ ಕಳಿಸಿ, ಫೋನಲ್ಲಿ ಕಾಣಬೇಕು. ಜೋಡಣೆಯನ್ನು 12ನೇ ವಾರಕ್ಕೆ ಇಟ್ಟುಕೊಂಡ ತಂಡಗಳು ಸಿಕ್ಕಿಬೀಳೋದು ಇಲ್ಲೇ.

ಬೆಸುಗೆಕಡ್ಡಿ: ವೈರಿಂಗ್, ಬೋರ್ಡ್ ಕೋಡ್ ಎರಡನ್ನೂ ಇಬ್ಬರಿಗೆ ಒಟ್ಟಿಗೆ ಕೊಡಿ. ಈ ಬೋರ್ಡಲ್ಲಿ ವೈಫೈ ಆನ್ ಇದ್ದಾಗ ಎಡಿಸಿ2 ಪಿನ್‌ಗಳಲ್ಲಿ ಸೆನ್ಸರ್ ವೋಲ್ಟೇಜ್ ಓದೋಕೆ ಆಗಲ್ಲ (ಎಡಿಸಿ ಅಂದರೆ ವೋಲ್ಟೇಜನ್ನು ಅಂಕಿ ಮಾಡೋ ಭಾಗ, ಇದರಲ್ಲಿ ಎರಡಿವೆ). ಸೆನ್ಸರ್ ವೈರನ್ನು 32ರಿಂದ 39ರೊಳಗಿನ ಎಡಿಸಿ1 ಪಿನ್‌ಗೇ ಹಾಕಬೇಕು. ಪಂಪ್‌ಗೂ ಬೋರ್ಡ್‌ಗೂ ಒಂದೇ ಸಣ್ಣ ಸಪ್ಲೈ ಕೊಟ್ಟರೆ ಪಂಪ್ ಶುರುವಾದಾಗ ವೋಲ್ಟೇಜ್ ಕುಸಿದು ಬೋರ್ಡ್ ರೀಸೆಟ್ ಆಗುತ್ತೆ. ಬೇರೆ ಬೇರೆ ಕೂತವರು ಇಂಥದ್ದನ್ನು "ಕೋಡ್ ತಪ್ಪು", "ವೈರಿಂಗ್ ತಪ್ಪು" ಅಂತ ವಾರಗಟ್ಟಲೆ ವಾದಿಸ್ತಾರೆ.

ಸೆನ್ಸರ್ ಎರಡು ಹೆಚ್ಚಿಗೆ ತರಿಸಿ. ವಾರಗಳನ್ನು ಹಿಂದಿನಿಂದ ಎಣಿಸಿ: ಕೊನೇ 3 ವಾರ ಹೊಸದೇನೂ ಸೇರಿಸಬೇಡಿ, ಅದು ಪರೀಕ್ಷೆ, ರಿಪೋರ್ಟ್, ವೈವಾ ತಯಾರಿಗೆ.

ಇಸಿ_ಕೊನೇವರ್ಷ: ಒಬ್ಬರಿಗೆ ಇಂಟರ್ನ್‌ಶಿಪ್, ವಾರಕ್ಕೆ ಒಂದೇ ದಿನ ಸಿಗ್ತಾರೆ. ಅವರಿಗೆ ಏನು ಕೊಡೋದು?

ತೇವಮಾಪಕ: ಉಳಿದವರು ಕಾಯಬೇಕಾದ ಕೆಲಸ ಕೊಡಬೇಡಿ. ಕೆಂಪು ಮಣ್ಣು, ಕಪ್ಪು ಮಣ್ಣು ಎರಡನ್ನೂ ಒಣಗಿಸಿ, ಅಳತೆ ಮಾಡಿದ ನೀರು ಸ್ವಲ್ಪಸ್ವಲ್ಪವೇ ಬೆರೆಸಿ, ಪ್ರತಿ ಸಲದ ಸೆನ್ಸರ್ ಅಂಕಿಯನ್ನು ಪಟ್ಟಿ ಮಾಡೋದು ಅವರ ಪಾಲಿಗಿರಲಿ. ಒಂದು ದಿನ ಕೂತರೆ ಒಂದು ಮಣ್ಣು ಮುಗಿಯುತ್ತೆ, ರಿಪೋರ್ಟಿನ ಫಲಿತಾಂಶದ ಅಧ್ಯಾಯಕ್ಕೆ ಇದಿಲ್ಲದೆ ಆಗೋದೂ ಇಲ್ಲ.

ಹಾಳೆಯಲ್ಲಿ ಪ್ರತಿ ಕೆಲಸದ ಮುಂದೆ ಹೆಸರು, ತಾರೀಖು, ಜೊತೆಗೆ "ಏನು ತೋರಿಸಿದರೆ ಮುಗಿದಂತೆ" ಅಂತ ಬರೆಯಿರಿ. "ಆ್ಯಪ್ ಮಾಡೋದು" ಅಂತಲ್ಲ, "ಬಟನ್ ಒತ್ತಿದರೆ ರಿಲೇ (ಪಂಪ್ ಆನ್-ಆಫ್ ಮಾಡೋ ಸ್ವಿಚ್) ಟಿಕ್ ಅನ್ನಬೇಕು" ಅಂತ. ಯಾರದ್ದಾದರೂ ಎರಡು ವಾರ ಹಿಂದೆ ಬಿದ್ದರೆ ಆ ಹಾಳೆ ಹಿಡಿದು ನಾಲ್ವರೂ ಗೈಡ್ ಹತ್ತಿರ ಹೋಗಿ, ಕೊನೇ ರಿವ್ಯೂವರೆಗೆ ಕಾಯಬೇಡಿ. ಆಗಿನ್ನೂ ಕೆಲಸ ಮರುಹಂಚೋಕೆ ಸಮಯ ಇರುತ್ತೆ.